ಅಳತೆ ಪುಸ್ತಕದ ಹಿಂದಿನ ಹಾಳೆಗಳು: ಇಷ್ಟದ ಕೃತಿಯನ್ನು ಹುಡುಕುವ, ಹಂಚುವ ಬಗೆ

ಹನುಮಂತನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ, ಚೂಡಿದಾರ, ಸೀರೆಗೆ ಫಾಲ್, ಸೆರಗಿಗೆ ಕುಚ್ಚು, ಇವಿಷ್ಟೇ ಕೆಲಸ. ಇಪ್ಪತ್ತೆಂಟು ವರ್ಷಗಳಿಂದ ಅದೇ ಪುಟ್ಟ ಮಳಿಗೆ. ನನಗೆ ಹಾಡಲು ಬಾರದು. ಸಂಗೀತದ ಪಾಠಕ್ಕೆ ಒಂದು ದಿನವೂ ಹೋದವಳಲ್ಲ. ಆದರೆ ಹೊಲಿಗೆಯ ಕೆಲಸದಲ್ಲಿ ಕಣ್ಣಿಗೂ ಕೈಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ ಕುಳಿತಿರುತ್ತದೆ. ಆ ಖಾಲಿ ಜಾಗವನ್ನು ರೇಡಿಯೊ ತುಂಬಿತು. ಕೇಳುತ್ತ ಕೇಳುತ್ತ ಒಂದು ಅಭ್ಯಾಸ ಬೆಳೆಯಿತು. ಗಿರಾಕಿಗಳ ಅಳತೆ ಬರೆಯುವ ಪುಸ್ತಕವನ್ನು ತಿರುಗಿಸಿ, ಹಿಂದಿನ ಹಾಳೆಯಿಂದ ನಾನು ಕೃತಿಗಳನ್ನು, ಅಂದರೆ ಶಾಸ್ತ್ರೀಯ ಸಂಗೀತದ ಹಾಡುಗಳನ್ನು, ಬರೆದುಕೊಳ್ಳುತ್ತೇನೆ. ಮುಂದಿನಿಂದ ಎದೆಸುತ್ತು, ತೋಳಿನ ಉದ್ದ. ಹಿಂದಿನಿಂದ ರಾಗ, ತಾಳ, ಹಾಡಿದವರ ಹೆಸರು. ಎರಡೂ ಬರಹಗಳು ನಡುವಿನಲ್ಲಿ ಸೇರಿದಾಗ ಹೊಸ ಪುಸ್ತಕ ತರುತ್ತೇನೆ. ಈಗ ಹನ್ನೊಂದನೆಯ ಪುಸ್ತಕ ನಡೆಯುತ್ತಿದೆ.

ಶಾಸ್ತ್ರೀಯ ಸಂಗೀತ ಕೇಳಬೇಕೆಂದು ಆಸೆಪಡುವವರು ಅಂಗಡಿಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: "ಎಲ್ಲಿಂದ ಶುರು ಮಾಡಬೇಕು?" ಅವರಿಗೆ ನಾನು ಇಷ್ಟು ವರ್ಷಗಳಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಕೇಳ್ಮೆ ಹೆಚ್ಚಾಗಿ ಕರ್ನಾಟಕ ಸಂಗೀತದ್ದು. ಹಿಂದೂಸ್ತಾನಿಯನ್ನು ಕಲಿಸಿದವರು ಬೇರೆ ಇದ್ದಾರೆ, ಅವರ ಮಾತು ಮುಂದೆ ಬರುತ್ತದೆ.

ಮೊದಲು ಒಂದೇ ಒಂದನ್ನು ಹಿಡಿಯಿರಿ

ಮೇಳಕರ್ತ ರಾಗಗಳ, ಅಂದರೆ ಬೇರೆ ರಾಗಗಳಿಗೆ ಮೂಲವೆನ್ನುವ ರಾಗಗಳ, ಪಟ್ಟಿಯಿಂದ ಶುರು ಮಾಡಬೇಡಿ. ಕಿವಿಗೆ ಆಗಲೇ ಅಂಟಿಕೊಂಡಿರುವ ಒಂದು ಧಾಟಿ ನಿಮ್ಮಲ್ಲಿ ಇದ್ದೇ ಇರುತ್ತದೆ. ಮದುವೆ ಮನೆಯ ನಾದಸ್ವರದಲ್ಲಿ ಕೇಳಿದ್ದು, ಅಜ್ಜಿ ಹೂ ಕಟ್ಟುವಾಗ ಗುನುಗಿದ್ದು, ದೇವಸ್ಥಾನದ ಮೈಕಿನಲ್ಲಿ ತೇಲಿ ಬಂದದ್ದು. ಅದರ ಹೆಸರನ್ನು ಹುಡುಕುವುದೇ ಮೊದಲ ಕೆಲಸ.

ನನಗೆ ಹಾಗೆ ಅಂಟಿಕೊಂಡದ್ದು ಒಂದು ವೀಣಾವಾದನ. ಒಂದು ಬೆಳಗ್ಗೆ ರೇಡಿಯೊ ಹಾಕುವ ಹೊತ್ತಿಗೆ ಅದು ಆಗಲೇ ಶುರುವಾಗಿತ್ತು. ಲೈನಿಂಗ್ ಬಟ್ಟೆ ಕತ್ತರಿಸುತ್ತಿದ್ದ ಕೈ ಹಾಗೆಯೇ ನಿಂತಿತು. ಕೊನೆಯಲ್ಲಿ ಕೃತಿಯ ಹೆಸರು ಹೇಳುತ್ತಾರೆಂದು ಕಾದೆ. ಸರಿಯಾಗಿ ಆ ಗಳಿಗೆಗೆ ಗಿರಾಕಿಯೊಬ್ಬರು ಬಂದು ಕುತ್ತಿಗೆಯ ಆಳದ ಮಾತು ತೆಗೆದರು. ಹೆಸರು ತಪ್ಪಿಹೋಯಿತು. ಪುಸ್ತಕದ ಹಿಂದಿನ ಹಾಳೆಯಲ್ಲಿ ಅಂದು ಬರೆದದ್ದು ಇಷ್ಟು: "ವೀಣೆ. ಮಂಗಳವಾರ. ಯಾರನ್ನೋ ಮತ್ತೆ ಮತ್ತೆ ಕೇಳಿಕೊಳ್ಳುವಂತಹ ಸಾಲು." ಅದೇ ನನ್ನ ಮೊದಲ ಬರಹ.

ಐದು ತಿಂಗಳ ಬಳಿಕ ರಾಮನವಮಿ ಬಂತು. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯ ಚಪ್ಪರದ ಹೊರಗೆ ನಿಂತು ಕೇಳುತ್ತಿದ್ದೆ. ಗಾಯಕರು ಬಾಯಿ ತೆರೆದ ಕೂಡಲೇ ಮೈ ಜುಮ್ಮೆಂದಿತು. ಅದೇ ಧಾಟಿ, ಈಗ ಮಾತು ಕೂಡಿಕೊಂಡು: "ಬ್ರೋಚೇವಾರೆವರುರಾ". ಪಕ್ಕದಲ್ಲಿ ನಿಂತಿದ್ದ ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕೃತಿ ಮುಗಿಯುವವರೆಗೂ ಕಾದು ಕೇಳಿದೆ. "ಖಮಾಚ್ ರಾಗ ತಾಯಿ, ಆದಿತಾಳ. ನಮ್ಮ ವಾಸುದೇವಾಚಾರ್ಯರದು" ಎಂದರು. "ನಮ್ಮ" ಎನ್ನುವಾಗ ಅವರ ದನಿಯಲ್ಲಿ ಇದ್ದ ಹೆಮ್ಮೆ ನನಗೆ ಇಂದಿಗೂ ನೆನಪಿದೆ.

ಮೈಸೂರು ವಾಸುದೇವಾಚಾರ್ಯರು 1865ರಿಂದ 1961ರವರೆಗೆ ಬದುಕಿದ್ದವರು, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು, ಮೈಸೂರು ಆಸ್ಥಾನದ ವಿದ್ವಾಂಸರು. ಕೃತಿಯ ಮಾತು ತೆಲುಗು: ರಘುವರ, ನಿನ್ನ ಹೊರತು ನನ್ನನ್ನು ಕಾಯುವವರು ಯಾರು? ಮಾತೇ ಇಲ್ಲದ ವೀಣೆಯಲ್ಲಿ ನನಗೆ "ಕೇಳಿಕೊಳ್ಳುವ ಸಾಲು" ಎಂದು ಅನ್ನಿಸಿದ್ದು ನಿಜವಾಗಿಯೂ ಕೇಳಿಕೊಳ್ಳುವ ಸಾಲೇ ಆಗಿತ್ತು. ಅಂದಿನಿಂದ ನನ್ನ ಕಿವಿಯ ಮೇಲೆ ನನಗೆ ನಂಬಿಕೆ ಬಂತು. ನಿಮಗೂ ಆ ನಂಬಿಕೆ ಬರಬೇಕು. ಅದು ಬರುವುದು ಒಂದು ಕೃತಿಯನ್ನು ಬೆನ್ನು ಹತ್ತಿ ಹಿಡಿದಾಗಲೇ.

ಹೆಸರು ಗೊತ್ತಿಲ್ಲದ ಕೃತಿಯ ಜಾಡು

ಧಾಟಿ ಕಿವಿಗೆ ಬಿದ್ದ ತಕ್ಷಣ ಮೊಬೈಲಿನಲ್ಲಿ ಹತ್ತು ಸೆಕೆಂಡು ಗುನುಗಿ ಧ್ವನಿಮುದ್ರಿಸಿಕೊಳ್ಳಿ. ಶ್ರುತಿ ಸೇರದಿದ್ದರೂ ಗುರುತು ಉಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಗುನುಗುತ್ತೇನೆ ಎಂದರೆ ಆ ಹೊತ್ತಿಗೆ ಅದು ಬೇರೊಂದು ಹಾಡಿನೊಂದಿಗೆ ಬೆರೆತುಹೋಗಿರುತ್ತದೆ. ಸಂಗೀತ ಬಲ್ಲವರು ಸಿಕ್ಕಾಗ ಅದನ್ನು ಕೇಳಿಸಿದರೆ ಸಾಕು, ರಾಗದ ಹೆಸರನ್ನಾದರೂ ಹೇಳುತ್ತಾರೆ.

ಹಾಡಿದ ಕೃತಿಯಾದರೆ ಕೆಲಸ ಸುಲಭ. ಕೃತಿಗಳಿಗೆ ಪ್ರತ್ಯೇಕವಾದ ಶೀರ್ಷಿಕೆ ಇರುವುದಿಲ್ಲ. ಮತ್ತೆ ಮತ್ತೆ ಮರಳಿ ಬರುವ ಮೊದಲ ಭಾಗವೇ ಪಲ್ಲವಿ, ಅದರ ಮೊದಲ ಮಾತೇ ಹೆಸರು. ಆ ಮಾತು ಅರ್ಥವಾಗದಿದ್ದರೂ ಕೇಳಿಸಿದಂತೆ ಕನ್ನಡದಲ್ಲಿ ಬರೆದುಕೊಳ್ಳಿ. ಮೊದಲ ಮಾತು ತಪ್ಪಿದರೆ ಕೊನೆಯ ಭಾಗವಾದ ಚರಣಕ್ಕೆ ಕಾಯಿರಿ, ಅಲ್ಲಿ ಅಂಕಿತ, ಅಂದರೆ ರಚಿಸಿದವರ ಸಹಿಯಂತಹ ಮಾತು, ಸಾಮಾನ್ಯವಾಗಿ ಇರುತ್ತದೆ. ಇದನ್ನು ಒಮ್ಮೆ ಕಲಿತರೆ ಕೇಳುವ ರೀತಿಯೇ ಬದಲಾಗುತ್ತದೆ. ದಾಸರ ಪದಗಳಲ್ಲಿ ಇದು ನಮಗೆಲ್ಲ ಗೊತ್ತಿರುವುದೇ: ಪುರಂದರ ವಿಠಲ ಬಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಬಂದರೆ ಕನಕದಾಸರು. ಮಾತನ್ನೂ ರಾಗವನ್ನೂ ತಾವೇ ಕಟ್ಟಿದ ವಾಗ್ಗೇಯಕಾರರದೂ ಹಾಗೆಯೇ. ತ್ಯಾಗರಾಜರು ತಮ್ಮ ಹೆಸರನ್ನೇ ಇಟ್ಟರು. "ಗುರುಗುಹ" ಎಂದು ಕೇಳಿಸಿದರೆ ಮುತ್ತುಸ್ವಾಮಿ ದೀಕ್ಷಿತರು, "ಶ್ಯಾಮಕೃಷ್ಣ" ಎಂದರೆ ಶ್ಯಾಮಾಶಾಸ್ತ್ರಿಗಳು, "ಶ್ರೀವಿದ್ಯಾ" ಎಂದರೆ ಜಯಚಾಮರಾಜ ಒಡೆಯರು, "ಹರಿಕೇಶ" ಎಂದರೆ ಮುತ್ತಯ್ಯ ಭಾಗವತರು. ನನ್ನ ಖಮಾಚ್ ಕೃತಿಯ ಚರಣದಲ್ಲಿ ಗಜರಾಜನನ್ನು ಆತುರದಿಂದ ಬಂದು ಕಾಪಾಡಿದ ವಾಸುದೇವನು ನೀನೇ ಅಲ್ಲವೇ ಎಂಬ ಮಾತಿದೆ. ಅಲ್ಲಿ ದೇವರೂ ಇದ್ದಾನೆ, ಆಚಾರ್ಯರ ಹೆಸರೂ ಇದೆ. ಗಜೇಂದ್ರನ ಕೂಗನ್ನೂ ತನ್ನ ಕೂಗನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಸಹಿ ಹಾಕಿದ ಆ ಜಾಗ ಬಂದಾಗಲೆಲ್ಲ ನಾನು ಮಿಷನ್ ತುಳಿಯುವುದನ್ನು ನಿಲ್ಲಿಸುತ್ತೇನೆ.

ದೀಕ್ಷಿತರು ಇನ್ನೊಂದು ಉಪಕಾರ ಮಾಡಿದ್ದಾರೆ. ಅನೇಕ ಕೃತಿಗಳ ಸಾಹಿತ್ಯದೊಳಗೆ ರಾಗದ ಹೆಸರನ್ನೂ ಅಡಗಿಸಿಟ್ಟಿದ್ದಾರೆ. ಒಡೆಯರ ಕೃತಿಗಳಲ್ಲಿಯೂ ಇದು ಸಿಗುತ್ತದೆ. ಸಾಹಿತ್ಯ ಕೈಯಲ್ಲಿ ಹಿಡಿದು ಕೇಳಿದರೆ ಕಣ್ಣಿಗೆ ಬೀಳುತ್ತದೆ.

ಅಂತರ್ಜಾಲದಲ್ಲಿ ಹುಡುಕುವಾಗ ಎರಡು ತೊಡಕುಗಳಿವೆ. ಮೊದಲನೆಯದು ಕಾಗುಣಿತ. ಖಮಾಚ್, ಖಮಾಸ್, ಕಮಾಸ್ ಎಲ್ಲವೂ ಒಂದೇ ರಾಗ. ಒಂದು ರೂಪದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ. ಎರಡನೆಯದು, ಬೇರೆ ಬೇರೆ ಕೃತಿಗಳು ಒಂದೇ ಮಾತಿನಿಂದ ಶುರುವಾಗುವುದು. "ಶ್ರೀ ಮಹಾಗಣಪತಿ" ಎಂದು ಹುಡುಕಿದರೆ ಗೌಳ ರಾಗದಲ್ಲಿರುವ ದೀಕ್ಷಿತರ ಕೃತಿಯೂ ಬರುತ್ತದೆ, ಅಠಾಣದಲ್ಲಿರುವ ಒಡೆಯರ ಕೃತಿಯೂ ಬರುತ್ತದೆ. ಆದ್ದರಿಂದ ಮೊದಲ ಮಾತಿನ ಜೊತೆಗೆ ರಾಗವನ್ನೋ ವಾಗ್ಗೇಯಕಾರರ ಹೆಸರನ್ನೋ ಸೇರಿಸಿ ಹುಡುಕಬೇಕು. ದೇವರನಾಮಗಳಲ್ಲಿ ಮಾತ್ರ ರಾಗವನ್ನು ನಂಬಿ ಕೂರಬೇಡಿ. ದಾಸರು ಹಾಡಿದ ಮೂಲ ಧಾಟಿಗಳು ನಮಗೆ ಉಳಿದಿಲ್ಲ, ಈಗ ಕೇಳುವ ಮಟ್ಟುಗಳು ಬಹುಪಾಲು ಮುಂದಿನವರು ಹಾಕಿದವು. "ಭಾಗ್ಯದ ಲಕ್ಷ್ಮೀ ಬಾರಮ್ಮ" ಪದವನ್ನು ಮಧ್ಯಮಾವತಿಯಲ್ಲಿ ಕೇಳಿ ಬೆಳೆದವರು ಭೀಮಸೇನ ಜೋಶಿಯವರ ಕಂಠದಲ್ಲಿ ಅದನ್ನು ಕೇಳಿದರೆ ಬೇರೆಯದೇ ಲಕ್ಷ್ಮಿ ಬಾಗಿಲಲ್ಲಿ ನಿಂತಂತೆ ಆಗುತ್ತದೆ. ನನಗೆ ಎರಡೂ ಬೇಕು.

ರೇಡಿಯೊ ಹಳೆಯದಾಯಿತೆಂದು ಬಿಡಬೇಡಿ. ಆಕಾಶವಾಣಿಯ ರಾಗಂ ವಾಹಿನಿ ಶಾಸ್ತ್ರೀಯ ಸಂಗೀತಕ್ಕೆಂದೇ ಇರುವುದು, ಮೊಬೈಲಿನಲ್ಲಿಯೂ ಸಿಗುತ್ತದೆ. ನಾವೇ ಆರಿಸಿಕೊಂಡು ಕೇಳಿದರೆ ಗೊತ್ತಿರುವುದನ್ನೇ ಮತ್ತೆ ಕೇಳುತ್ತೇವೆ. ರೇಡಿಯೊದಲ್ಲಿ ಬೇರೆಯವರು ಆರಿಸಿದ್ದು ಬರುತ್ತದೆ, ರಾಗ, ತಾಳ, ರಚನಕಾರರ ಹೆಸರನ್ನು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೃತಿಗಳು ಹಾಗೆ ಬಂದವು.

ಸಿಕ್ಕ ಮೇಲೆ ಅವಸರ ಬೇಡ

ಕೃತಿ ಸಿಕ್ಕಿತು. ಈಗ ಎಲ್ಲರೂ ಮಾಡುವ ತಪ್ಪು ಎಂದರೆ ಮುಂದಿನದಕ್ಕೆ ಹಾರುವುದು. ಹಾರಬೇಡಿ. ಒಂದು ವಾರ ಅದೊಂದರಲ್ಲೇ ಇರಿ.

ಮೊದಲ ಸಲ ಏನನ್ನೂ ಗಮನಿಸಲು ಹೋಗದೆ ಕೇಳಿ. ಎರಡನೆಯ ಸಲ ಸಾಹಿತ್ಯವನ್ನು, ಸಿಕ್ಕರೆ ಅರ್ಥವನ್ನೂ, ಎದುರಿಗಿಟ್ಟುಕೊಂಡು ಕೇಳಿ. ಒಂದೇ ಸಾಲನ್ನು ಗಾಯಕರು ಮತ್ತೆ ಮತ್ತೆ ಹಾಡುವುದು ಹೊಸಬರಿಗೆ ಬೇಸರ ತರಿಸುತ್ತದೆ. ಆದರೆ ಸಾಲು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬೆಳೆಯುತ್ತಿರುತ್ತದೆ. ಅದನ್ನು ಸಂಗತಿ ಎನ್ನುತ್ತಾರೆ. ತ್ಯಾಗರಾಜರ ಖರಹರಪ್ರಿಯ ರಾಗದ "ಚಕ್ಕನಿ ರಾಜಮಾರ್ಗಮು" ಕೃತಿಯ ಪಲ್ಲವಿಯನ್ನು ತೆಗೆದುಕೊಂಡು ಸಂಗತಿಗಳನ್ನು ಬೆರಳಿನಲ್ಲಿ ಎಣಿಸುತ್ತ ಕೇಳಿ ನೋಡಿ. ಮೊದಲನೆಯದು ನೇರ ಹೊಲಿಗೆ, ಕೊನೆಗೆ ಬರುವಾಗ ಅದೇ ಅಂಚಿನ ಮೇಲೆ ಕಸೂತಿ ತುಂಬಿರುತ್ತದೆ. ಬಟ್ಟೆ ಮಾತ್ರ ಅದೇ.

ಮೂರನೆಯ ಸಲ ತಾಳ ಹಾಕಿ. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಬಳಿಕ ಪೆಟ್ಟು ಹುಸಿ, ಪೆಟ್ಟು ಹುಸಿ (ಹುಸಿ ಎಂದರೆ ಅಂಗೈ ಮೇಲಾಗಿ ತಿರುಗಿಸುವುದು). ತಪ್ಪಿದರೆ ತಪ್ಪಲಿ, ಪಲ್ಲವಿ ಮರಳಿ ಬಂದಾಗ ಸೇರಿಕೊಳ್ಳಿ. ನನ್ನ ಕೈಗಳಿಗೆ ಬಿಡುವಿಲ್ಲದ ಕಾರಣ ಕಾಲಿನ ಹೆಬ್ಬೆರಳಿನಲ್ಲಿಯೇ ಎಣಿಸುವುದನ್ನು ಕಲಿತೆ. ಎಷ್ಟೋ ಕೃತಿಗಳು ಪೆಟ್ಟಿನ ಮೇಲೆ ಶುರುವಾಗದೆ ಅರ್ಧ ಎಣಿಕೆ, ಮುಕ್ಕಾಲು ಎಣಿಕೆ ಬಿಟ್ಟು ಶುರುವಾಗುತ್ತವೆ ಎಂಬುದು ತಿಳಿದದ್ದು ಹಾಗೆ. ಎಡುಪ್ಪು ಎನ್ನುವುದು ಅದನ್ನೇ.

ಇದಾದ ಮೇಲೆ ಅತ್ಯಂತ ಮುಖ್ಯವಾದ ಹೆಜ್ಜೆ: ಅದೇ ಕೃತಿಯನ್ನು ಇನ್ನೊಬ್ಬರ ಕಂಠದಲ್ಲಿ ಕೇಳಿ. ಮತ್ತೊಬ್ಬರದು, ಮತ್ತೊಬ್ಬರದು. ಹತ್ತು ಕೃತಿಗಳನ್ನು ಒಬ್ಬರಿಂದ ಕೇಳುವುದಕ್ಕಿಂತ ಒಂದು ಕೃತಿಯನ್ನು ಹತ್ತು ಜನರಿಂದ ಕೇಳುವುದು ಕಿವಿಯನ್ನು ಬೇಗ ಹದಗೊಳಿಸುತ್ತದೆ. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಒಂದೇ ತಾನಿನ ಬಟ್ಟೆಯಲ್ಲಿ ಹೊಲಿದ ರವಿಕೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಬಗೆಯಾಗಿ ಕಾಣುವುದನ್ನು ದಿನವೂ ನೋಡುವವಳು ನಾನು. ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರ ಬಿರ್ಕಾಗಳನ್ನು, ಅಂದರೆ ಮಿಂಚಿನಂತೆ ಹರಿಯುವ ವೇಗದ ಸ್ವರಗುಚ್ಛಗಳನ್ನು, ಕೇಳಿ, ಅದೇ ಸಂಜೆ ಎಂ.ಡಿ. ರಾಮನಾಥನ್ ಅವರ ಆಳವಾದ, ನಿಧಾನವಾದ ದನಿಯನ್ನು ಕೇಳಿ. ನಮ್ಮ ಆರ್.ಕೆ. ಶ್ರೀಕಂಠನ್ ಅವರಲ್ಲಿ ಒಂದು ಅಕ್ಷರವೂ ನಲುಗದ ಉಚ್ಚಾರಣೆಯನ್ನು ಗಮನಿಸಿ. ಬ್ರೋಚೇವಾರೆವರುರಾ ಕೃತಿಯನ್ನು ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ್ದು ಸುಲಭವಾಗಿ ಸಿಗುತ್ತದೆ. 1980ರ ಶಂಕರಾಭರಣಂ ಚಿತ್ರದಲ್ಲಿಯೂ ಅದು ಇದೆ, ಎಷ್ಟೋ ಮನೆಗಳಿಗೆ ಈ ಕೃತಿ ತಲುಪಿದ್ದು ಆ ದಾರಿಯಿಂದಲೇ. ಚಿತ್ರದಿಂದ ಶುರು ಮಾಡುವುದರಲ್ಲಿ ಯಾವ ಕೊರತೆಯೂ ಇಲ್ಲ. ಅಲ್ಲಿಂದ ಎಂ.ಎಸ್. ಅವರಿಗೆ, ಎಂ.ಎಸ್. ಅವರಿಂದ ವೀಣೆಗೆ ಬನ್ನಿ.

ಹತ್ತು ಜನರಲ್ಲಿ ಒಬ್ಬರು ಹಾಡಿದ್ದು "ಇದು ನನ್ನದು" ಅನ್ನಿಸುತ್ತದೆ. ಅದನ್ನು ಬರೆದಿಡಿ. ಅದೇ ರಾಗದ ಇನ್ನೊಂದು ಕೃತಿಗೆ ಹೋಗುವುದು ಆಮೇಲೆ. ರಾಗದ ದಾರಿ ಹಿಡಿದರೆ ಗಡಿಗಳೂ ತೆರೆಯುತ್ತವೆ: "ಸಾಮಜವರಗಮನ" ಕೃತಿಯ ಹಿಂದೋಳ ಒಗ್ಗಿದವರಿಗೆ ಹಿಂದೂಸ್ತಾನಿಯ ಮಾಲಕಂಸ್ ಮೊದಲ ಆಲಾಪದಲ್ಲೇ ಗುರುತು ಸಿಗುತ್ತದೆ, ಮೋಹನ ಕೇಳಿದವರಿಗೆ ಭೂಪ್ ಸಿಗುತ್ತದೆ.

ಊರಿನಲ್ಲಿ ಕುಳಿತು ಕೇಳುವುದು

ಮೊಬೈಲಿನಲ್ಲಿ ಎಷ್ಟೇ ಕೇಳಿದರೂ ಕಛೇರಿಗೆ ಹೋಗಲೇಬೇಕು. ಬೆಂಗಳೂರಿನಲ್ಲಿ ಇದ್ದುಕೊಂಡು ಹೋಗದಿರುವುದು ಬಾವಿಯ ಪಕ್ಕದಲ್ಲಿ ಕುಳಿತು ಬಾಯಾರಿದಂತೆ. 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದ ಮಾತು ಆಗಲೇ ಬಂತು. ಕೆ.ಆರ್. ರಸ್ತೆಯಲ್ಲಿರುವ ಗಾಯನ ಸಮಾಜ ನೂರು ವರ್ಷ ದಾಟಿದ ಸಂಸ್ಥೆ, ನಾನು ಅಂಗಡಿ ಮುಚ್ಚಿ ನಡೆದೇ ಹೋಗುತ್ತೇನೆ. ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ, ಮಲ್ಲೇಶ್ವರದ ಸೇವಾಸದನದಲ್ಲಿ ಚಿಕ್ಕ ಸಭಾಂಗಣಗಳಿವೆ. ಅಂತಹ ಕಡೆ ಗಾಯಕರ ಮುಖ ಕಾಣುತ್ತದೆ, ಪಕ್ಕವಾದ್ಯದವರು ಒಬ್ಬರಿಗೊಬ್ಬರು ತಲೆಯಾಡಿಸುವುದು ಕಾಣುತ್ತದೆ. ಚೌಡಯ್ಯ ಸ್ಮಾರಕ ಭವನ ದೊಡ್ಡದು, ಪಿಟೀಲಿನ ಆಕಾರದ ಆ ಕಟ್ಟಡವನ್ನು ಮಕ್ಕಳಿಗೆ ತೋರಿಸಲೇಬೇಕು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಿಸಲೆಂದು ಏಳು ತಂತಿಗಳ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಕಥೆಯನ್ನು ಅಲ್ಲಿಯೇ ನಿಂತು ಹೇಳಬೇಕು.

ರಾಮನವಮಿ, ಗಣೇಶನ ಹಬ್ಬ, ನವರಾತ್ರಿಯ ದಿನಗಳಲ್ಲಿ ಬಡಾವಣೆಯ ದೇವಸ್ಥಾನಗಳ ಸೂಚನಾ ಫಲಕವನ್ನು ಓದುತ್ತಿರಿ. ಉಚಿತ ಕಛೇರಿಗಳು ಅಲ್ಲಿ ಸಿಗುತ್ತವೆ. ಪುಷ್ಯ ಬಹುಳ ಪಂಚಮಿಯ ಆಸುಪಾಸಿನಲ್ಲಿ ತ್ಯಾಗರಾಜರ ಆರಾಧನೆ ನಡೆಯುತ್ತದೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳ ಪಂಚರತ್ನ ಕೃತಿಗಳನ್ನು ಎಲ್ಲರೂ ಒಟ್ಟಾಗಿ ಹಾಡುತ್ತಾರೆ. ಸಾಹಿತ್ಯದ ಪುಸ್ತಕ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತರೆ ಅಷ್ಟು ಕಂಠಗಳ ನಡುವೆ ನಿಮ್ಮದೂ ತಾನಾಗಿಯೇ ಸೇರುತ್ತದೆ.

ಹೊಸಬರನ್ನು ಕಛೇರಿಗೆ ಕರೆದೊಯ್ಯುವವರಿಗೆ ಒಂದು ಮಾತು. ಬಲ್ಲವರು ಕಛೇರಿಯ ಆರಂಭದಲ್ಲಿ ಹಾಡುವ ವರ್ಣದಿಂದಲೇ ಕುಳಿತು ಕೇಳಬೇಕು ಎನ್ನುತ್ತಾರೆ. ನನ್ನ ಅನುಭವ ಬೇರೆ. ಮೊದಲ ಸಲ ಬರುವವರನ್ನು ಕೊನೆಯ ಒಂದು ಗಂಟೆಗೆ ಕರೆದುಕೊಂಡು ಹೋಗಿ. ಆ ಹೊತ್ತಿಗೆ ಮುಖ್ಯ ಕೃತಿ ಮುಗಿಯುತ್ತ ಬಂದಿರುತ್ತದೆ, ಹಾಡು ನಿಂತು ಮೃದಂಗವೊಂದೇ ನುಡಿಯುವ ತನಿ ಆವರ್ತನ ಸಿಗುತ್ತದೆ, ಆಮೇಲೆ ದೇವರನಾಮ, ತಿಲ್ಲಾನ, ಮಂಗಳ. "ಜಗದೋದ್ಧಾರನ" ಕಾಪಿ ರಾಗದಲ್ಲಿ ಬಂದರಂತೂ ಮೊದಲ ಸಲದವರೂ ಮನೆಯವರಂತೆ ಆಗಿಬಿಡುತ್ತಾರೆ. ಮುಂದಿನ ಸಲ ಅವರೇ ಬೇಗ ಹೊರಡುತ್ತಾರೆ. ತನಿ ಆವರ್ತನ ಶುರುವಾದಾಗ ಎದ್ದು ಕಾಫಿಗೆ ಹೋಗುವ ಅಭ್ಯಾಸ ನಮ್ಮ ಊರಿನಲ್ಲಿ ಬಹಳ ಜನರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಗಂಟೆ ಇನ್ನೊಬ್ಬರಿಗಾಗಿ ನುಡಿಸಿದವರು ತಮಗಾಗಿ ನುಡಿಸುವ ಹತ್ತು ನಿಮಿಷ ಅದು.

ಒಪ್ಪಿಗೆ ಇಲ್ಲದೆ ಕಛೇರಿಯನ್ನು ಧ್ವನಿಮುದ್ರಿಸಿ ಹಂಚಬೇಡಿ. ಹೆಸರು ಬರೆದುಕೊಳ್ಳಿ, ಮನೆಗೆ ಹೋಗಿ ಹುಡುಕಿ.

ಇನ್ನೊಬ್ಬರಿಗೆ ದಾಟಿಸುವುದು

ಹುಡುಕುವುದಕ್ಕಿಂತ ಇದು ಕಷ್ಟ. ಇದರಲ್ಲಿ ನಾನು ಬಹಳ ತಪ್ಪುಗಳನ್ನು ಮಾಡಿದ್ದೇನೆ.

ಮಗಳು ಮದುವೆಯಾಗಿ ಪುಣೆಗೆ ಹೋದ ಹೊಸತು. ಅವಳು ಒಂಟಿಯಾಗಿದ್ದಾಳೆ, ಸಂಗೀತ ಜೊತೆಗಿರಲಿ ಎಂದು ಒಂದೇ ರಾತ್ರಿ ಹದಿನಾಲ್ಕು ಕೊಂಡಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದೆ. ಮುಂದಿನ ವಾರ "ಕೇಳಿದೆಯಾ?" ಎಂದೆ. "ಕೇಳುತ್ತೇನಮ್ಮ" ಎಂದಳು. ಅದರ ಮುಂದಿನ ವಾರವೂ ಕೇಳಿದೆ. ಮೂರನೆಯ ಸಲ ಅವಳು ಮಾತು ಬದಲಾಯಿಸಿದಳು. ಒಂದನ್ನೂ ಅವಳು ಕೇಳಿರಲಿಲ್ಲ. ನನಗೆ ನೋವಾಯಿತು, ಬಹಳ ದಿನ ಸುಮ್ಮನಿದ್ದೆ. ಆಮೇಲೆ ಯೋಚಿಸಿದೆ: ಅಳತೆ ತೆಗೆದುಕೊಳ್ಳದೆ ಹದಿನಾಲ್ಕು ರವಿಕೆ ಹೊಲಿದು ಕಳುಹಿಸಿದ್ದೆನಲ್ಲ. ಅವಳಿಗೆ ಕೇಳಲು ಸಿಗುವುದು ಬಸ್ಸಿನ ಇಪ್ಪತ್ತು ನಿಮಿಷ, ನಾನು ಕಳುಹಿಸಿದ್ದರಲ್ಲಿ ಐವತ್ತು ನಿಮಿಷದ ರಾಗ ತಾನ ಪಲ್ಲವಿಯೂ ಇತ್ತು. ಆರು ತಿಂಗಳ ಬಳಿಕ ಒಂದೇ ಒಂದನ್ನು ಕಳುಹಿಸಿದೆ, "ಕೃಷ್ಣಾ ನೀ ಬೇಗನೆ ಬಾರೋ". ಜೊತೆಗೆ ಬರೆದದ್ದು ಇಷ್ಟೇ: "ನೀನು ಎರಡು ವರ್ಷದವಳಿದ್ದಾಗ ಅಜ್ಜಿ ಇದನ್ನು ಹಾಡಿ ಊಟ ಮಾಡಿಸುತ್ತಿದ್ದರು." ಕೇಳಿದೆಯಾ ಎಂದು ಕೇಳಲಿಲ್ಲ. ಮೂರನೆಯ ದಿನ ರಾತ್ರಿ ಫೋನ್ ಬಂತು. ಆ ಕಡೆಯಿಂದ ಮಾತಿಗೆ ಮೊದಲು ಆ ಹಾಡಿನ ರಾಗ ಯಮುನಾಕಲ್ಯಾಣಿ ಬಂತು.

ಅಂದಿನಿಂದ ನಾನು ಪಾಲಿಸುತ್ತಿರುವುದು: ಒಬ್ಬರಿಗೆ, ಒಂದು ಸಲಕ್ಕೆ, ಒಂದು ಕೃತಿ. ಗುಂಪಿಗೆ ಕಳುಹಿಸುವುದಿಲ್ಲ. ಗುಂಪಿಗೆ ಕಳುಹಿಸಿದ್ದು ಯಾರಿಗೂ ಕಳುಹಿಸಿದ್ದಲ್ಲ.

ಕೊಡುವ ಮೊದಲು ಆ ವ್ಯಕ್ತಿಯ ಅಳತೆ ತೆಗೆದುಕೊಳ್ಳಿ. ಅವರಿಗೆ ಎಷ್ಟು ಹೊತ್ತು ಇದೆ? ಅಡುಗೆ ಮಾಡುತ್ತ ಕೇಳುತ್ತಾರೋ, ಮಲಗುವ ಮುಂಚೆಯೋ? ಮಾತು ಬೇಕೋ, ಮಾತಿಲ್ಲದ ನಾದ ಸಾಕೋ? ಪರೀಕ್ಷೆಗೆ ಓದುವ ಹುಡುಗಿಯೊಬ್ಬಳಿಗೆ ಸಾಹಿತ್ಯ ಅಡ್ಡ ಬರುತ್ತಿತ್ತು, ಕೊಳಲಿನ ಕೃತಿ ಕೊಟ್ಟೆ, ಹಿಡಿಸಿತು. "ತೆಲುಗು ಸಂಸ್ಕೃತ ನಮಗೆ ಅರ್ಥವಾಗುವುದಿಲ್ಲ" ಎನ್ನುವವರಿಗೆ ದಾಸರ ಪದಗಳಿವೆ, ಜೊತೆಗೆ ಮುತ್ತಯ್ಯ ಭಾಗವತರಿದ್ದಾರೆ. ತಮಿಳುನಾಡಿನಿಂದ ಬಂದು ಮೈಸೂರು ಆಸ್ಥಾನದಲ್ಲಿದ್ದು ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳಿಗೆ ರಾಗ ಕಟ್ಟಿದವರು ಅವರು. ದುಃಖದಲ್ಲಿರುವವರಿಗೆ ಏನು ಕೊಡಬೇಕು ಎಂಬುದು ನನಗೆ ಇನ್ನೂ ಪೂರ್ತಿಯಾಗಿ ಒಲಿದಿಲ್ಲ. ಅಮ್ಮನನ್ನು ಕಳೆದುಕೊಂಡ ಗಿರಾಕಿಯೊಬ್ಬರಿಗೆ ಒಮ್ಮೆ ಶೋಕದ ರಾಗ ಕೊಟ್ಟು ಅವರನ್ನು ಇನ್ನಷ್ಟು ಅಳಿಸಿದೆ. ಈಗ ಅಂತಹವರಿಗೆ ತಾವಾಗಿ ಕೇಳುವವರೆಗೂ ಏನನ್ನೂ ಕೊಡುವುದಿಲ್ಲ, ಅಂಗಡಿಯಲ್ಲಿ ತಂಬೂರಿಯ ಶ್ರುತಿಯೊಂದನ್ನು ಮೆಲ್ಲಗೆ ಹಾಕಿರುತ್ತೇನೆ.

ಚೀಟಿಯಲ್ಲಿ ಬರೆದುಕೊಡಿ. ನಾನು ರಸೀದಿಯ ಹಿಂಭಾಗದಲ್ಲಿ ಬರೆಯುತ್ತೇನೆ, ರವಿಕೆಯ ಜೊತೆಗೆ ಅದೂ ಚೀಲದಲ್ಲಿ ಹೋಗುತ್ತದೆ. ಮೊದಲ ಸಾಲು, ರಾಗ, ವಾಗ್ಗೇಯಕಾರರು, ಯಾರು ಹಾಡಿದ್ದು, ಎಲ್ಲಿ ಕಿವಿ ಕೊಡಬೇಕು. ಕೊನೆಯದನ್ನು ಮರೆಯಬೇಡಿ. "ತುಂಬ ಚೆನ್ನಾಗಿದೆ, ಕೇಳಿ" ಎಂದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. "ಚರಣದಲ್ಲಿ ಆನೆ ಕೂಗುವ ಸಾಲಿಗೆ ಕಾಯಿರಿ" ಎಂದರೆ ಅವರು ಕಾಯುತ್ತಾರೆ, ಕಾಯುತ್ತ ಉಳಿದದ್ದನ್ನೂ ಕೇಳುತ್ತಾರೆ. ರಾಗದ ಲಕ್ಷಣ, ಜನಕ ರಾಗ ಇವನ್ನೆಲ್ಲ ಚೀಟಿಯಲ್ಲಿ ತುಂಬಬೇಡಿ. ಹಾಡಿದವರ ಹೆಸರನ್ನು ಮಾತ್ರ ತಪ್ಪದೆ ಬರೆಯಿರಿ. ಎಷ್ಟೋ ಕಡೆ ದೊಡ್ಡ ವಿದ್ವಾಂಸರ ಹಾಡಿಕೆ ಹೆಸರಿಲ್ಲದೆ ಓಡಾಡುತ್ತಿರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಿಟೀಲು, ಮೃದಂಗದವರ ಹೆಸರು ಗೊತ್ತಿದ್ದರೆ ಅವನ್ನೂ ಸೇರಿಸಿ.

ಅವರಿಗೆ ಹಿಡಿಸದಿದ್ದರೆ ವಾದಿಸಬೇಡಿ. ಅಳತೆ ತಪ್ಪಿದ ರವಿಕೆಯನ್ನು ಬಿಚ್ಚಿ ಹೊಲಿಯುವಂತೆ ಬೇರೆ ಕಂಠದಲ್ಲಿ ಅದೇ ಕೃತಿಯನ್ನು ಕೊಟ್ಟು ನೋಡಿ. ಆಗಲೂ ಆಗದಿದ್ದರೆ ಬಿಡಿ.

ಮತ್ತು ತೆಗೆದುಕೊಳ್ಳಲು ಕಲಿಯಿರಿ. ಧಾರವಾಡದಿಂದ ಬಂದು ನಮ್ಮ ಬೀದಿಯಲ್ಲಿ ಮನೆ ಮಾಡಿರುವ ಅಕ್ಕನವರೊಬ್ಬರು ನಾನು ಕೊಟ್ಟ ಚೀಟಿಗೆ ಬದಲಾಗಿ ಒಂದು ದಿನ ತಾವೇ ಒಂದು ಚೀಟಿ ತಂದರು: ಅಕ್ಕಮಹಾದೇವಿಯ ವಚನ "ಅಕ್ಕ ಕೇಳವ್ವಾ", ಹಾಡಿದವರು ಮಲ್ಲಿಕಾರ್ಜುನ ಮನ್ಸೂರ. "ಇದನ್ನ ರಾತ್ರಿ ದೀಪ ಆರಿಸಿ ಕೇಳ್ರಿ" ಎಂದಿದ್ದರು, ಹಾಗೆಯೇ ಕೇಳಿದೆ. ವಚನವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದವಳು ನಾನು. ಕನಸು ಕಂಡ ಹೆಣ್ಣಿನ ಬೆರಗು ಅದರಲ್ಲಿ ಇದೆ ಎಂದು ತಿಳಿದದ್ದು ಅಂದು ರಾತ್ರಿ. ಈಗ ತಿಂಗಳಿಗೊಂದು ಚೀಟಿ ನಮ್ಮಿಬ್ಬರ ನಡುವೆ ಓಡಾಡುತ್ತದೆ. ಅವರು ಗಂಗೂಬಾಯಿ ಹಾನಗಲ್ಲರನ್ನು ಕೊಟ್ಟರು, ನಾನು ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಕೊಟ್ಟೆ. ಅವರು ಬಸವರಾಜ ರಾಜಗುರುಗಳನ್ನು ಕೊಟ್ಟಿದ್ದಾರೆ, ಅದಕ್ಕೆ ಏನು ಕೊಡಬೇಕೆಂದು ಈ ವಾರವೆಲ್ಲ ಯೋಚಿಸುತ್ತಿದ್ದೇನೆ.

ಇಷ್ಟು ದೂರ ಓದಿದ ನಿಮಗೂ ಒಂದು ಚೀಟಿ.

ಮೊದಲ ಸಾಲು: ಭುವನೇಶ್ವರಿಯ ನೆನೆ ಮಾನಸವೇ. ರಾಗ: ಮೋಹನಕಲ್ಯಾಣಿ. ರಚನೆ: ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು. ಭಾಷೆ: ನಮ್ಮದೇ. ಯಾರು ಹಾಡಿದ್ದಾದರೂ ಸರಿ, ಮೊದಲು ಒಂದನ್ನು ಕೇಳಿ, ಆಮೇಲೆ ಇನ್ನೊಬ್ಬರದು. ಎಲ್ಲಿ ಕಿವಿ ಕೊಡಬೇಕು: ಕೃತಿಗೆ ಮುಂಚೆ ಚಿಕ್ಕ ಆಲಾಪನೆ ಇದ್ದರೆ ಅಲ್ಲಿ. ಸ್ವರಗಳು ಮೇಲೇರುವಾಗ ಮೋಹನದ ಐದೇ ಮೆಟ್ಟಿಲು, ಇಳಿಯುವಾಗ ಕಲ್ಯಾಣಿಯ ಏಳೂ ಮೆಟ್ಟಿಲು. ಇಳಿಯುವ ದಾರಿಯಲ್ಲಿ ಹೊಸದಾಗಿ ಸೇರಿಕೊಳ್ಳುವ ಆ ಎರಡು ಸ್ವರಗಳಿಗೆ ಕಾಯಿರಿ.